ಬಾಡಿಗೆ ಹಂಡೆ

ಶ್ರೀರಾಮಪುರದ ಮೂರನೇ ಅಡ್ಡರಸ್ತೆಯಲ್ಲಿ
ಗಂಗಹನುಮಯ್ಯನವರ ಶಾಮಿಯಾನ, ಪಾತ್ರೆ ಅಂಗಡಿ.
ಲೆಕ್ಕ ಬರೆಯುವವಳು ನಾನು, ಒಂಬತ್ತು ವರ್ಷದಿಂದ.
ಈ ಯುಗಾದಿಗೆ ಕೆಂಪು ರಟ್ಟಿನ ಪುಸ್ತಕ ಕೊಳ್ಳಲಿಲ್ಲ.
'ಲೆಕ್ಕ ಎಲ್ಲ ಕ್ಲೌಡಿಗೆ ಹಾಕ್ತೀನಿ ಅಣ್ಣಾ' ಅಂದೆ.
ಅವರು ತಲೆಯೆತ್ತಿ
ಕೇಬಲ್ಲುಗಳ ಗೋಜಲು ನೋಡಿದರು,
ಅದರ ಸಂದಿಯಲ್ಲಿ ಉಳಿದಷ್ಟು ಆಕಾಶ.
'ಯಾರದಮ್ಮಾ ಆ ಮೋಡ?'
ಯಾರದೋ ಅಣ್ಣಾ. ನಮಗೆ ಬಾಡಿಗೆಗೆ.
'ಹಂಗಾದ್ರೆ ರೇಟು ಓದು.'

ಸ್ಟೂಲೆಳೆದುಕೊಂಡು ಕೂತರು, ಕನ್ನಡಕ ಹಾಕದೆ, ಕಿವಿಯಿಂದಲೇ.

ಗಂಟೆಗೆ ತೊಂಬತ್ತು ಪೈಸೆ ಅಂದೆ.
ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿತು:
'ಆರ್ನೂರ ನಲವತ್ತೆಂಟು, ತಿಂಗಳಿಗೆ.
ಪೈಸೇಲಿ ಹೇಳೋನು ಯಾವತ್ತೂ ರೂಪಾಯಿಗೆ ಬಂದೋನು.'

ಇದೇ ಯಂತ್ರ ಕಾಲು ರೇಟಿಗೂ ಸಿಗುತ್ತೆ,
ಆದರೆ ಬೇರೆಯವರಿಗೆ ಬೇಕಾದರೆ
ಎರಡು ನಿಮಿಷದ ನೋಟೀಸಿನಲ್ಲಿ ಕಿತ್ಕೋತಾರೆ ಅಂದೆ.
'ಆಷಾಢದ ರೇಟು. ನಾನೂ ಕೊಡ್ತೀನಿ.
ಆದ್ರೆ ಪಂಕ್ತಿ ಕೂತಿರೋವಾಗ ಕುರ್ಚಿ ಎಳೆಯಲ್ಲಪ್ಪ.'

ವರ್ಷದ್ದು ಮುಂಗಡ ಕಟ್ಟಿದರೆ ಮೂರರಲ್ಲಿ ಒಂದು ಪಾಲು ಕಡಿಮೆ.
'ಛತ್ರದೋರು ನಂಗೆ ಹೇಳೋ ಮಾತು.'

ಒಳಗೆ ತುಂಬಿಸೋಕೆ ಕಾಸಿಲ್ಲ,
ಹೊರಗೆ ಒಯ್ಯೋಕೆ ಜಿಬಿಗೆ ಇಷ್ಟು.
ಇಲ್ಲಿ ಮಾತ್ರ ಸುಮ್ಮನಾದರು.
ಬಾಗಿಲಲ್ಲಿ ನಿಂತಿದ್ದ ಲಗೇಜ್ ಆಟೋ ಕಡೆ ನೋಡಿದರು.
'ಹೋಗೋ ಬಾಡಿಗೆ ಬಿಟ್ಟು ಬರೋ ಬಾಡಿಗೆ ಮಾತ್ರ ಕೇಳೋನು,
ನೀನು ವಾಪಸ್ ಬರಲೇಬೇಕು ಅಂತ ಗೊತ್ತಿದ್ದೋನು.'

ಮೂರು ತಿಂಗಳು ಪುಕ್ಕಟೆ ನಡೆಯಿತು.
ಪುಕ್ಕಟೆ ಮುಗಿದ ದಿನ ಯಾರೂ ಗಂಟೆ ಬಾರಿಸಲಿಲ್ಲ.
ಆಷಾಢ ಬಂತು, ಮದುವೆಯಿಲ್ಲ, ಯಂತ್ರ ನಿಲ್ಲಿಸಿಟ್ಟೆ.
ಆದರೂ ಬಿಲ್ಲು: ಆರುನೂರ ಮೂವತ್ತೇಳು.
ರಾತ್ರಿಯೆಲ್ಲ ಫೋನಿನ ಬೆಳಕಲ್ಲಿ ಸಾಲು ಹಿಡಿದು ಹುಡುಕಿದೆ,
ನನ್ನ ಸಂಬಳದಲ್ಲಿ ಹಿಡಿಯಲಿ ಅಂತಲೂ ಅಂದುಕೊಂಡೆ.

ಬೆಳಿಗ್ಗೆ ತೋರಿಸಿದೆ.
ವಾಪಸ್ ಬಂದ ಪಾತ್ರೆ ಎಣಿಸುವ ಹಾಗೆ
ಒಂದೊಂದೇ ಕೆಳಗಿಡಿಸಿದರು ನನ್ನ ಕೈಲಿ:
ಯಂತ್ರ, ಸೊನ್ನೆ. ಡಿಸ್ಕು, ಇನ್ನೂರ ಮೂವತ್ತು.
ವಿಳಾಸದ ನಂಬರು, ಮುನ್ನೂರ ಹತ್ತು.
ಮೇಲೆ ನೂರಕ್ಕೆ ಹದಿನೆಂಟು, ಸರಕಾರದ್ದು.
'ಒಲೆ ಆರಿಸಿದ್ದೀಯ ಶೀಲಾ,
ಹಂಡೆ ವಾಪಸ್ ಮಾಡಿಲ್ಲ.'

ಆವತ್ತೇ ಹಂಡೆ ವಾಪಸ್ ಮಾಡಿದೆ.
ಆಚೆಗೆ ಒಯ್ದದ್ದಕ್ಕೆ ಹನ್ನೊಂದು ರೂಪಾಯಿ ತೆತ್ತು
ಹೆಸರೇ ಕೇಳಿರದ ಒಂದು ಸಣ್ಣ ಕಂಪನಿಗೆ ಬಂದೆವು.
ತಿಂಗಳಿಗೆ ಮುನ್ನೂರ ತೊಂಬತ್ತು, ಒಂದೇ ಮಾತು,
ಉರಿದರೂ ಅಷ್ಟೇ, ಆರಿದರೂ ಅಷ್ಟೇ.
ನಿಧಾನ ಹೌದು. ಒಂದು ಪುಟ ತೆರೆಯುವಷ್ಟರಲ್ಲಿ
ನಾನು ಎರಡು ಡಜನ್ ಸೌಟು ಎಣಿಸುತ್ತೇನೆ.

ಮೊನ್ನೆ ಸಂಜೆ ಅಂಗಡಿ ಬಾಗಿಲು ಎಳೆಯುವಾಗ
ಅರ್ಧಕ್ಕೆ ನಿಲ್ಲಿಸಿ ಕೇಳಿದರು:
'ಆ ದೊಡ್ಡ ಮೋಡದೋರ ರೇಟಲ್ಲಿ
ಸಾವಿನ ಮನೆಗೆ ಎಷ್ಟು ಅಂತ ಬರೆದಿತ್ತಾ?'

ಓಕಳಿಪುರದ ಕಡೆಯಿಂದ ಒಬ್ಬ ಹುಡುಗ ಬಂದಿದ್ದ,
ಹನ್ನೊಂದನೇ ದಿನಕ್ಕೆ ನಲವತ್ತು ಕುರ್ಚಿ, ಒಂದು ಕೊಳಗ.
ಹಳೇ ಪುಸ್ತಕಗಳಲ್ಲಿ ಅಂಥ ಸಾಲುಗಳ ಮುಂದೆ
ಅವರು ಏನೂ ಬರೆಸುತ್ತಿರಲಿಲ್ಲ.
ನನ್ನ ಪ್ರೋಗ್ರಾಮಿನಲ್ಲಿ
ಮೊತ್ತದ ಜಾಗ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ,
ಕೆಂಪಗಾಗಿ ನಿಲ್ಲುತ್ತದೆ.

ಹುಡುಗ ಆಟೋಗೆ ಕುರ್ಚಿ ಏರಿಸುತ್ತಿದ್ದ.
ಕಾಲು ಗಂಟೆ ಬೇಕಾಯಿತು,
ಖಾಲಿಯನ್ನೂ ಒಂದು ಮೊತ್ತವೆಂದು
ಅದಕ್ಕೆ ಒಪ್ಪಿಸಲು.